ಪಂಪು ಟಕ್ ಟಕ್ ಅಂತಿದ್ರೆ ಮೊದ್ಲು ಟ್ಯಾಂಕಿನ ಗಾಳಿ ನೋಡಿ

ಮನೆ-ನೀರು: ಓದುಗರ ಪ್ರಶ್ನೆಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷ್ಯದ್ದು, ಬಾವಿ ಪಂಪಿನ ಹತ್ರ ಇರೋ ಪ್ರೆಶರ್ ಟ್ಯಾಂಕ್. ನಮ್ಮ ಕಡೆ ಮೊದ್ಲು ರಾಟೆ-ಹಗ್ಗ, ಆಮೇಲೆ ಪಂಪು ಹಾಕಿ ಮಾಡಿನ ಮೇಲೆ ಟ್ಯಾಂಕ್ ಇಟ್ಟಿದ್ದು, ಈಗ ಷವರ್ ಜೋರಾಗಿ ಬೀಳ್ಬೇಕು ವಾಷಿಂಗ್ ಮೆಷಿನ್ನಿಗೆ ನೀರು ಹತ್ಬೇಕು ಅಂತ ಪ್ರೆಶರ್ ಪಂಪು ಹಾಕ್ಸೋರು ಜಾಸ್ತಿ ಆಗಿದ್ದಾರೆ. ಹಾಕೋವ್ರು ಹಾಕಿ ಹೋಗ್ತಾರೆ, ಅದ್ರೊಳಗೆ ಗಾಳಿ ಇದೆ, ಆ ಗಾಳಿ ವರ್ಷಕ್ಕೆರಡು ಸಲ ನೋಡ್ಬೇಕು ಅಂತ ಯಾರೂ ಹೇಳೋದಿಲ್ಲ. ಅದಕ್ಕೇ ಈ ಸಲದ ಪುಟ ಪೂರ್ತಿ ಇದಕ್ಕೇ ಇಟ್ಟಿದ್ದೇನೆ.

ಪ್ರಶ್ನೆ: ನಮ್ಮನೆ ಬಾವಿಗೆ ಅರ್ಧ ಎಚ್‌ಪಿ ಪಂಪು, ಜೊತೆಗೆ 24 ಲೀಟರಿನ ಪ್ರೆಶರ್ ಟ್ಯಾಂಕ್ ಇದೆ, ಹಾಕ್ಸಿ ಮೂರು ವರ್ಷ ಆಯ್ತು. ಈಗ ಎರಡು ತಿಂಗ್ಳಿಂದ ಪಾತ್ರೆ ತೊಳೀವಾಗ ನಲ್ಲಿ ಸಣ್ಣಗೆ ಬಿಟ್ರೂ ಸಾಕು ಪಂಪು ಎರಡೆರಡು ಸೆಕೆಂಡಿಗೆ ಶುರು ಆಗ್ತದೆ, ನಿಲ್ತದೆ, ಮತ್ತೆ ಶುರು ಆಗ್ತದೆ. ಪ್ರೆಶರ್ ಸ್ವಿಚ್ ಎರಡು ಸಲ ಬದ್ಲಾಯ್ಸಿ ಆಯ್ತು. ಈಗ ರಿಪೇರಿಯವ್ರು ಪಂಪೇ ಹೊಸ್ದು ಹಾಕ್ಬೇಕು ಅಂತಿದ್ದಾರೆ. ಹಾಕ್ಸೋದೇ ಒಳ್ಳೇದಾ?
(ಓದುಗರು, ಕುಮಟಾ)

ಬೇಡ ಅಕ್ಕಾ, ಸ್ವಲ್ಪ ತಡೀರಿ. ನೀವು ಬರೆದಿದ್ದು ಓದಿದ್ರೆ ಪಂಪು ಸರಿ ಇದ್ದ ಹಾಗೇ ಕಾಣ್ತದೆ, ಪ್ರೆಶರ್ ನೋಡಿ ಪಂಪನ್ನ ಶುರು ಮಾಡೋ, ನಿಲ್ಸೋ ಆ ಸ್ವಿಚ್ಚೂ ಸರಿ ಇತ್ತು ಅನ್ಸ್ತದೆ. ಟ್ಯಾಂಕಿನೊಳಗಿನ ಗಾಳಿ ಹೋಗಿದೆ.

ಟ್ಯಾಂಕ್ ಅಂದ್ರೆ ಹೊರಗೆ ಕಬ್ಬಿಣದ ಡಬ್ಬಿ, ಒಳಗೆ ಒಂದು ದಪ್ಪ ರಬ್ಬರ್ ಚೀಲ, ರಿಪೇರಿಯವ್ರು ಬಲೂನು ಅಂತಾರಲ್ಲ ಅದು. ನೀರು ಬಲೂನಿನ ಒಳಗೆ, ಗಾಳಿ ಬಲೂನಿಗೂ ಡಬ್ಬಿಗೂ ನಡುವೆ. ನೀರನ್ನ ಎಷ್ಟು ಒತ್ತಿದ್ರೂ ಅದು ಕುಗ್ಗೋದಿಲ್ಲ, ಗಾಳಿ ಮಾತ್ರ ಕುಗ್ತದೆ, ಮತ್ತೆ ಹಿಗ್ತದೆ. ಪಂಪು ನೀರು ತುಂಬಿದಾಗ ಗಾಳಿ ಒತ್ತಿಕೊಂಡು ಕೂತಿರ್ತದೆ, ಪಂಪು ನಿಂತ ಮೇಲೆ ನೀವು ನಲ್ಲಿ ಬಿಟ್ರೆ ಆ ಗಾಳೀನೇ ನೀರನ್ನ ತಳ್ಳಿ ಕೊಡೋದು. ಅಷ್ಟು ಹೊತ್ತು ಪಂಪಿಗೆ ಕೆಲ್ಸ ಇಲ್ಲ. ಗಾಳಿ ಇಲ್ದೇ ಹೋದ್ರೆ ಬಲೂನು ಡಬ್ಬಿ ತುಂಬ ಹಬ್ಬಿ ಬಿಡ್ತದೆ, ಆಗ ಒಂದು ಲೋಟ ನೀರು ಹೊರಗೆ ಹೋದ್ರೂ ಪ್ರೆಶರ್ ಧಡ್ ಅಂತ ಇಳೀತದೆ, ಪಂಪು ಹತ್ತುತ್ತದೆ, ಮತ್ತೊಂದು ಲೋಟ ನೀರು ತುಂಬಿದ ಕೂಡ್ಲೆ ಪ್ರೆಶರ್ ಏರಿ ನಿಲ್ತದೆ. ನೀವು ಕೇಳ್ತಾ ಇರೋ ಟಕ್ ಟಕ್ ಇದೇ. ಪ್ರತಿ ಸಲ ಮೋಟ್ರು ಶುರು ಆಗುವಾಗ ಓಡುವಾಗಿನ ಐದಾರು ಪಟ್ಟು ಕರೆಂಟ್ ಎಳೀತದೆ, ಹಾಗೆ ನಿಮಿಷಕ್ಕೆ ಹದಿನೈದಿಪ್ಪತ್ತು ಸಲ ಆದ್ರೆ ವೈಂಡಿಂಗ್ ಕಾಯ್ತದೆ, ಕೆಪಾಸಿಟರ್ ಹೋಗ್ತದೆ, ಸ್ವಿಚ್ಚಿನ ಪಾಯಿಂಟ್ ಸುಟ್ಟು ಕಪ್ಪಾಗ್ತದೆ. ನಿಮ್ಮ ಎರಡು ಸ್ವಿಚ್ಚೂ ಹೀಗೇ ಹೋಗಿರ್ಬೇಕು. ಹೊಸ ಪಂಪು ಹಾಕಿದ್ರೂ ಅದಕ್ಕೂ ಇದೇ ಗತಿ.

ಗಾಳಿ ಯಾಕೆ ಹೋಯ್ತು ಅಂದ್ರೆ, ರಬ್ಬರ್ ಅಂದ್ಮೇಲೆ ತೂತಿಲ್ಲದಿದ್ರೂ ಅದ್ರ ಮೂಲಕ ಗಾಳಿ ಬಹಳ ನಿಧಾನಕ್ಕೆ ದಾಟಿ ನೀರಿಗೆ ಸೇರ್ತಾನೇ ಇರ್ತದೆ, ಬೈಕು ನಿಲ್ಸಿಟ್ರೂ ಟೈರು ತಿಂಗ್ಳಲ್ಲಿ ಮೆತ್ತಗಾಗೋದಿಲ್ವಾ ಹಾಗೆ. ವಾಲ್ ಪಿನ್ನಿನಲ್ಲೂ ಸ್ವಲ್ಪ ಸ್ವಲ್ಪ ಹೋಗ್ತದೆ. ಮೂರು ವರ್ಷ ಯಾರೂ ಮುಟ್ಟಿಲ್ಲ ಅಂದ್ರೆ ಖಾಲಿ ಆಗಿರೋದ್ರಲ್ಲಿ ಆಶ್ಚರ್ಯ ಇಲ್ಲ.

ಈಗ ಮಾಡೋ ಕೆಲ್ಸ. ಮೊದ್ಲು ಪಂಪಿನ ಎಂಸಿಬಿ, ಅಂದ್ರೆ ಕರೆಂಟ್ ಬೋರ್ಡಿನಲ್ಲಿರೋ ಟ್ರಿಪ್ ಸ್ವಿಚ್, ಕೆಳಗೆ ಮಾಡಿ. ಬರೀ ಗೋಡೆ ಸ್ವಿಚ್ ಆಫ್ ಮಾಡಿದ್ರೆ ಸಾಲದು, ಅಲ್ಲಿ ನೆಲ ಒದ್ದೆ ಇರ್ತದೆ, ಕೈ ಒದ್ದೆ ಇರ್ತದೆ, ಮಳೆಗಾಲದಲ್ಲಂತೂ ಗೋಡೆಯೇ ಒದ್ದೆ. ಆಮೇಲೆ ಕೆಳಗಿರೋ ಒಂದು ನಲ್ಲಿ ಬಿಟ್ಟು ನೀರು ಪೂರ್ತಿ ನಿಲ್ಲೋ ತನಕ ಕಾಯಿರಿ. ಮಾಡಿನ ಟ್ಯಾಂಕಿಂದ್ಲೂ ಅದೇ ಪೈಪಿಗೆ ಲೈನ್ ಇದ್ರೆ ಅದ್ರ ವಾಲ್ ಮುಚ್ಚಿ, ಇಲ್ದಿದ್ರೆ ನೀರು ನಿಲ್ಲೋದೇ ಇಲ್ಲ. ನೀರು ನಿಂತ ಮೇಲೂ ಆ ನಲ್ಲಿ ಬಿಟ್ಟೇ ಇರ್ಲಿ. ಈಗ ಟ್ಯಾಂಕಿನ ಒಂದು ತುದೀಲಿ ಪ್ಲಾಸ್ಟಿಕ್ ಕ್ಯಾಪ್ ಇರ್ತದೆ, ಅದನ್ನ ತಿರುಗ್ಸಿ ತೆಗೆದ್ರೆ ಬೈಕ್ ಟ್ಯೂಬಿನ ಹಾಗಿನದೇ ವಾಲ್ ಕಾಣ್ತದೆ. ಗಾಳಿ ನೋಡೋ ಗೇಜ್ ಅಲ್ಲಿಟ್ಟು ಒತ್ತಿ.

ಎಷ್ಟಿರ್ಬೇಕು ಅನ್ನೋದು ನಿಮ್ಮ ಸ್ವಿಚ್ಚಿನ ಮೇಲೆ ಹೋಗ್ತದೆ. ಮನೆ ಪಂಪುಗಳಲ್ಲಿ ಸಾಮಾನ್ಯವಾಗಿ 1.4 ಬಾರ್ ಪ್ರೆಶರಿಗೆ ಶುರು, 2.8 ಬಾರ್ ಪ್ರೆಶರಿಗೆ ಬಂದ್ ಅಂತ ಸೆಟ್ ಮಾಡಿರ್ತಾರೆ, ಅಂದ್ರೆ 20 ಮತ್ತೆ 40 ಪಿಎಸ್‌ಐ. ಪಂಚರ್ ಅಂಗಡೀಲಿ ಪಾಯಿಂಟ್ ಅಂತಾರಲ್ಲ ಅದೇ ಪಿಎಸ್‌ಐ, 1 ಬಾರ್ ಅಂದ್ರೆ ಹದಿನಾಲ್ಕೂವರೆ ಪಾಯಿಂಟ್. ಗಾಳಿ ಯಾವಾಗ್ಲೂ ಪಂಪು ಶುರು ಆಗೋ ಪ್ರೆಶರಿಗಿಂತ 2 ಪಾಯಿಂಟ್ ಕಮ್ಮಿ ಇರ್ಬೇಕು. 20ಕ್ಕೆ ಶುರು ಆದ್ರೆ 18. ಸ್ವಿಚ್ಚಿನ ಮೇಲೆ ಬರೆದಿದ್ದನ್ನ ನಂಬೋದಕ್ಕಿಂತ ಪಂಪಿನ ಹತ್ರ ಇರೋ ಗೇಜ್ ನೋಡ್ತಾ ನಲ್ಲಿ ಸಣ್ಣಗೆ ಬಿಟ್ಟು ಮುಳ್ಳು ಯಾವ ಅಂಕೀಲಿ ಇದ್ದಾಗ ಪಂಪು ಹತ್ತಿತು ಅಂತ ಮೊದ್ಲೇ ಒಂದ್ಸಲ ಬರ್ಕೊಳ್ಳಿ.

ಗಾಳಿ ಹಾಕೋಕೆ ಬೈಕಿಗೆ ಹಾಕೋ ಕಾಲು ಪಂಪು ಸಾಕು. ಹಳೇ ಸೈಕಲ್ಲಿನ ವಾಲ್ ಬೇರೆ ಥರದ್ದು, ಆ ಪಂಪಿನ ಬಾಯಿ ಇದಕ್ಕೆ ಕೂರೋದಿಲ್ಲ. ನಾಲ್ಕು ಒತ್ತು ಒತ್ತೋದು, ಗೇಜ್ ಇಟ್ಟು ನೋಡೋದು, ಹೀಗೆ ಮಾಡ್ತಾ ಹೋಗಿ. ಪಂಚರ್ ಅಂಗಡಿಯ ಕಂಪ್ರೆಸರ್ ತಂದು ಒಂದೇ ಸಲ ಬಿಡೋದು ಬೇಡವೇ ಬೇಡ, ಅದ್ರ ಜೋರಿಗೆ ಬಲೂನು ಹರಿದು ಹೋದೀತು. ಗಾಳಿ ಹಾಕ್ತಾ ಇರುವಾಗ ಬಿಟ್ಟಿಟ್ಟ ನಲ್ಲೀಲಿ ಇನ್ನೂ ನೀರು ಬರ್ತದೆ ನೋಡಿ, ಬಲೂನಿನೊಳಗೆ ಉಳ್ಕೊಂಡಿದ್ದ ನೀರನ್ನ ಗಾಳಿ ಹಿಂಡಿ ತೆಗೀತಾ ಇರೋದು ಅದು. ಅದು ಪೂರ್ತಿ ನಿಂತ ಮೇಲೆ ಗೇಜ್ ತೋರ್ಸೋದೇ ನಿಜವಾದ ಲೆಕ್ಕ.

18 ಆದ ಮೇಲೆ ವಾಲ್ ಬಾಯಿಗೆ ಸ್ವಲ್ಪ ಸೋಪಿನ ನೊರೆ ಹಚ್ಚಿ. ಗುಳ್ಳೆ ಬರ್ತಾ ಇದ್ರೆ ಪಿನ್ ಬದ್ಲಾಯ್ಸಿ, ಬೈಕಿನ ಪಿನ್ನೇ ಆಗ್ತದೆ. ಕ್ಯಾಪ್ ಹಾಕಿ, ನಲ್ಲಿ ಮುಚ್ಚಿ, ಎಂಸಿಬಿ ಮೇಲೆ ಮಾಡಿ.

ಸರಿ ಆಯ್ತಾ ಇಲ್ವಾ ಅಂತ ನೋಡೋಕೆ ಒಂದು ಬಕೆಟ್ ತಗೊಳ್ಳಿ. ಪಂಪು ತುಂಬಿ ನಿಂತ ಮೇಲೆ ನಲ್ಲಿ ಬಿಟ್ಟು ಬಕೆಟ್ಟಿಗೆ ನೀರು ಹಿಡೀರಿ, ಪಂಪು ಮತ್ತೆ ಹತ್ತಿದ ಕೂಡ್ಲೆ ನಿಲ್ಸಿ, ಎಷ್ಟು ನೀರಾಯ್ತು ನೋಡಿ. 24 ಲೀಟರಿನ ಟ್ಯಾಂಕು, 18 ಗಾಳಿ, 20-40 ಸ್ವಿಚ್ ಅಂದ್ರೆ ಲೆಕ್ಕ ಪ್ರಕಾರ 8 ಲೀಟರಿನ ಆಸುಪಾಸು ಬರ್ಬೇಕು. 24 ಅಂತ ಬರೆದಿದ್ರೂ 24 ಸಿಗೋದಿಲ್ಲ, ಉಳಿದ ಜಾಗ ಗಾಳಿಗೆ ಬೇಕು. ಈ ಬಕೆಟ್ ಲೆಕ್ಕಾನ ಟ್ಯಾಂಕಿನ ಮೇಲೇ ಮಾರ್ಕರಲ್ಲಿ ತಾರೀಕು ಹಾಕಿ ಬರ್ದಿಡಿ. ಆರು ತಿಂಗ್ಳು ಬಿಟ್ಟು ಹಿಡಿದಾಗ 4 ಲೀಟರಿಗೆ ಇಳಿದಿದ್ರೆ ಗೇಜ್ ಹುಡುಕೋದೇ ಬೇಡ, ಗಾಳಿ ಕಮ್ಮಿ ಆಗಿದೆ ಅಂತಾನೇ ಅರ್ಥ.

ಪ್ರಶ್ನೆ: ನೀವು ಹಿಂದೊಮ್ಮೆ ಗಾಳಿ ನೋಡಿ ಅಂದಿದ್ರಿ, ನಾನು ಗೇಜ್ ಇಟ್ಟು ನೋಡ್ದೆ, 32 ತೋರ್ಸ್ತು. ಬೇಕಾಗಿದ್ದಕ್ಕಿಂತ ಜಾಸ್ತೀನೇ ಇದೆ, ಆದ್ರೂ ಪಂಪು ಬಡ್ಕೊಳ್ಳೋದು ನಿಂತಿಲ್ಲ.
(ಓದುಗರು, ಅಂಕೋಲಾ)

ಟ್ಯಾಂಕ್ ಖಾಲಿ ಮಾಡಿ ನೋಡಿದ್ರಾ? ಪತ್ರದಲ್ಲಿ ಬರ್ದಿಲ್ಲ, ಮಾಡಿಲ್ಲ ಅಂತಾನೇ ಅನ್ಸ್ತದೆ. ಒಳಗೆ ನೀರಿರುವಾಗ ಗೇಜ್ ಇಟ್ರೆ ಅದು ನೀರಿನ ಪ್ರೆಶರನ್ನೇ ತೋರ್ಸ್ತದೆ. ನೀರು ಒಂದು ಕಡೆ 32ರಲ್ಲಿ ಒತ್ತಿದ್ರೆ ಬಲೂನಿನ ಆಚೆ ಇರೋ ಗಾಳೀನೂ 32ರಲ್ಲೇ ಇರ್ಬೇಕಲ್ಲ, ಅದು ಒಂದು ಮುಷ್ಟಿ ಗಾಳಿ ಇದ್ರೂ ಅಷ್ಟೇ, ಡಬ್ಬಿ ತುಂಬ ಇದ್ರೂ ಅಷ್ಟೇ.

ಇದೇ ತಪ್ಪು ನಾನೂ ಮಾಡಿದ್ದೆ. ನಮ್ಮನೇಲಿ ಮೊದಲನೇ ಟ್ಯಾಂಕ್ ಹಾಕಿದ ಎರಡನೇ ವರ್ಷ, ಪಂಪು ಹೀಗೇ ಮಾಡೋಕೆ ಶುರು ಆದಾಗ ಗೇಜ್ ಇಟ್ಟು ನೋಡಿ 30 ಕಂಡು ಗಾಳಿ ಸರಿ ಇದೆ ಅಂತ ಬಿಟ್ಟೆ, ಕೆಪಾಸಿಟರ್ ಬದ್ಲಾಯ್ಸಿದೆ, ಸ್ವಿಚ್ ಬದ್ಲಾಯ್ಸಿದೆ, ಕೊನೆಗೆ ಆಷಾಢದ ಒಂದು ರಾತ್ರಿ ವೋಲ್ಟೇಜ್ ಇಳಿದಾಗ ಮೋಟ್ರೇ ಸುಟ್ಟು ಹೋಯ್ತು. ಬಾವಿ ಕಟ್ಟೆ ತನಕ ನೀರು ತುಂಬಿದ್ರೂ ಮೂರು ದಿನ ಮಳೇಲಿ ನೆನ್ಕೊಂಡು ಕೊಡಪಾನ ಸೇದಿ ಮನೆಗೆ ಹೊತ್ತಿದ್ದಾಯ್ತು, ಅಮ್ಮನಿಗೆ ಆಗ ಮಂಡಿನೋವು ಬೇರೆ. ಹೊಸ ಪಂಪು ಕೂರ್ಸೋಕೆ ಅಂತ ಟ್ಯಾಂಕ್ ಬಿಚ್ಚಿದಾಗ ಒಳಗಿನ ನೀರು ಸುರಿದು ಹೋಯ್ತು, ಆಮೇಲೆ ವಾಲ್ ಪಿನ್ ಉಗುರಲ್ಲಿ ಒತ್ತಿ ನೋಡಿದ್ರೆ ಉಸ್ ಅನ್ನೋ ಸದ್ದೂ ಬರ್ಲಿಲ್ಲ. ಅವತ್ತಿಂದ ಯಾರೇ ಕೇಳಿದ್ರೂ ಮೊದ್ಲು ಹೇಳೋದು ಇದನ್ನೇ, ಖಾಲಿ ಮಾಡಿ ನೋಡಿ, ನಲ್ಲಿ ಬಿಟ್ಟಿಟ್ಟೇ ನೋಡಿ.

ಗೇಜ್ ಇಲ್ದೇನೂ ಒಂದು ಅಂದಾಜು ಸಿಗ್ತದೆ. ಪಂಪು ಈಗಷ್ಟೇ ನಿಂತಿರುವಾಗ ಬೆರಳ ಗೆಣ್ಣಿಂದ ಟ್ಯಾಂಕನ್ನ ಮೇಲಿಂದ ಕೆಳಗೆ ತಟ್ತಾ ಬನ್ನಿ. ಗಾಳಿ ಇರೋ ಜಾಗ ಟಣ್ ಅಂತದೆ, ನೀರು ಇರೋ ಜಾಗ ದಬ್ ಅಂತದೆ. ಎಲ್ಲಿ ತಟ್ಟಿದ್ರೂ ದಬ್ ದಬ್ ಅಂದ್ರೆ ಒಳಗೆ ಬರೀ ನೀರು. ನಮ್ಮ ಕರಾವಳಿಯ ಸೆಕೆಗೆ ಇನ್ನೊಂದು ಗುರ್ತೂ ಸಿಗ್ತದೆ, ಬಾವಿಯ ತಣ್ಣೀರು ಒಳಗೆ ಬಂದ ಕೂಡ್ಲೆ ಟ್ಯಾಂಕಿನ ಹೊರಮೈ ಬೆವರ್ತದೆ, ನೀರು ತಾಗಿರೋ ಕಡೆ ಮಾತ್ರ ಹನಿ ಕೂರ್ತದೆ. ಬೆವರಿನ ಗೆರೆ ಅರ್ಧಕ್ಕೆ ನಿಂತ್ರೆ ಒಳ್ಳೇದು, ಟ್ಯಾಂಕಿಗೆ ಟ್ಯಾಂಕೇ ಬೆವರಿದ್ರೆ ಗಾಳಿ ಹಾಕ್ಬೇಕು.

ಖಾಲಿ ಮಾಡಿ ನೋಡಿದ್ರೂ 18 ಸರಿಯಾಗಿದೆ, ಆದ್ರೂ ಟಕ್ ಟಕ್ ಹೋಗಿಲ್ಲ ಅಂದ್ರೆ ಎರಡು ಜಾಗ ನೋಡಿ. ಒಂದು, ಸ್ವಿಚ್ಚಿನ ಕೆಳಗಿನ ಸಣ್ಣ ನಿಪ್ಪಲ್, ಅಂದ್ರೆ ಸ್ವಿಚ್ಚನ್ನ ಲೈನಿಗೆ ಸೇರ್ಸೋ ತುಂಡು ಪೈಪು. ಚಿರೆಕಲ್ಲಿನ ನೆಲದಲ್ಲಿ ನೀರಿಗೆ ಕಬ್ಬಿಣ ಜಾಸ್ತಿ, ಬಕೆಟ್ಟಿನ ತಳದಲ್ಲಿ ಕೆಂಪು ಕಿಲುಬು ಕೂರ್ತದಲ್ಲ ಅದೇ ಲೋಳೆ ಆ ಸಣ್ಣ ತೂತಿನಲ್ಲೂ ಕಟ್ಕೊಳ್ತದೆ, ಆಗ ಸ್ವಿಚ್ಚಿಗೆ ಪ್ರೆಶರ್ ಸರಿಯಾಗಿ ತಿಳಿಯೋದಿಲ್ಲ. ಬಿಚ್ಚಿ ತಂತಿ ಹಾಕಿ ತೆಗೆದ್ರೆ ಸರಿ ಹೋಗ್ತದೆ, ಎಂಸಿಬಿ ಕೆಳಗೆ ಮಾಡಿಯೇ ಬಿಚ್ಚಿ. ಎರಡು, ಸ್ವಿಚ್ಚಿಗೂ ಟ್ಯಾಂಕಿಗೂ ನಡುವೆ ಯಾರಾದ್ರೂ ಎನ್‌ಆರ್‌ವಿ (ನೀರನ್ನ ಒಂದೇ ಕಡೆಗೆ ಬಿಡೋ ವಾಲ್) ಹಾಕಿದ್ದಾರಾ, ಅಥ್ವಾ ವಾಲ್ ಅರ್ಧ ಮುಚ್ಚಿದ್ಯಾ ನೋಡಿ. ಹಾಗಿದ್ರೆ ಟ್ಯಾಂಕ್ ಇದ್ದೂ ಸ್ವಿಚ್ಚಿನ ಪಾಲಿಗೆ ಇಲ್ಲ. ಎನ್‌ಆರ್‌ವಿ ಸ್ವಿಚ್ಚಿಗಿಂತ ಬಾವಿ ಕಡೆಗೇ ಇರ್ಬೇಕು.

ಪ್ರಶ್ನೆ: ಗಾಳಿ ಹಾಕೋಕೆ ಅಂತ ಕ್ಯಾಪ್ ತೆಗೆದು ಪಿನ್ ಒತ್ತಿದ್ರೆ ಗಾಳಿ ಬದ್ಲು ನೀರು ಚಿಮ್ತು. ಗಾಬ್ರಿ ಆಗಿ ಮುಚ್ಚಿಟ್ಟಿದ್ದೇನೆ.
(ಓದುಗರು, ಹೊನ್ನಾವರ)

ಬಲೂನು ಹರಿದಿದೆ. ಗಾಳಿ ಇರೋ ಕಡೆ ನೀರು ಬಂತು ಅಂದ್ರೆ ಬೇರೆ ಕಾರಣ ಇಲ್ಲ, ಇನ್ನು ಎಷ್ಟು ಗಾಳಿ ಹಾಕಿದ್ರೂ ಅದು ನೀರಿನ ಜೊತೆ ನಲ್ಲೀಲಿ ಪುಸ್ ಪುಸ್ ಅಂತ ಹೊರಗೆ ಹೋಗ್ತದೆ.

ಅಡ್ಡ ಮಲಗ್ಸಿದ ಸಣ್ಣ ಟ್ಯಾಂಕುಗಳಲ್ಲಿ ಬಲೂನು ಮಾತ್ರ ಬೇರೆ ಹಾಕೋಕೆ ಬರ್ತದೆ. ನೀರಿನ ಪೈಪ್ ಸೇರೋ ಕಡೆ ದುಂಡಗಿನ ತಗಡು ಇರ್ತದೆ, ಅದಕ್ಕೆ ಸುತ್ತ ಬೋಲ್ಟು. ನೀರನ್ನೂ ಗಾಳೀನೂ ಪೂರ್ತಿ ಬಿಟ್ಟ ಮೇಲೇ ಬೋಲ್ಟ್ ಮುಟ್ಬೇಕು, ಪಿನ್ ಒತ್ತಿ ಹಿಡಿದು ಇನ್ನೇನೂ ಬರೋದಿಲ್ಲ ಅಂತ ಖಾತ್ರಿ ಆಗ್ಬೇಕು. ಹಳೇ ಬಲೂನು ಎಳೆದು ತೆಗೆದ ಮೇಲೆ ಒಳಗೆ ಟಾರ್ಚ್ ಬಿಟ್ಟು ನೋಡಿ. ತುಕ್ಕು ಹಿಡಿದು ಹಕ್ಕಳೆ ಎದ್ದಿದ್ರೆ, ಒಳಗೆ ಚೂಪು ಇದ್ರೆ, ಹೊಸ ಬಲೂನೂ ನಾಲ್ಕು ತಿಂಗ್ಳಿಗೆ ಹರೀತದೆ, ಅಂಥದ್ದಕ್ಕೆ ದುಡ್ಡು ಹಾಕ್ಬೇಡಿ, ಟ್ಯಾಂಕೇ ಬದ್ಲಾಯ್ಸಿ. ಒಳಗೆ ಚೊಕ್ಕ ಇದ್ರೆ ಅದೇ ಅಳತೆಯ ಬಲೂನು ತಂದು, ಬೋಲ್ಟುಗಳನ್ನ ಎದುರು ಬದುರು ಸ್ವಲ್ಪ ಸ್ವಲ್ಪವೇ ಬಿಗಿ ಮಾಡ್ತಾ ಬನ್ನಿ, ಒಂದೇ ಕಡೆ ಬಿಗಿ ಮಾಡಿದ್ರೆ ಇನ್ನೊಂದು ಕಡೆ ಸೋರ್ತದೆ. ನೀರು ಬಿಡೋ ಮೊದ್ಲೇ ಗಾಳಿ ಹಾಕಿ. ಗಾಳಿ ಇಲ್ಲದ ಟ್ಯಾಂಕಿಗೆ ನೀರು ನುಗ್ಗಿದ್ರೆ ಬಲೂನು ಒಂದೇ ಸಲ ಹಿಗ್ಗಿ ತಗಡಿಗೆ ಒತ್ಕೊಳ್ತದೆ, ಹೆಚ್ಚಿನ ಬಲೂನು ಹರಿಯೋದು ಹಾಗೇನೇ.

ನಲ್ಲೀಲಿ ಗಾಳಿ ಪುಸ್ ಅಂದ ಕೂಡ್ಲೆ ಬಲೂನು ಹರೀತು ಅಂತಲೂ ತಿಳೀಬೇಡಿ. ಏಪ್ರಿಲ್-ಮೇ ಹೊತ್ತಿಗೆ ಬಾವಿ ನೀರು ಕೆಳಗಿಳಿದು ಫುಟ್‌ವಾಲ್ (ಬಾವಿಯೊಳಗಿನ ಪೈಪಿನ ತುದೀಲಿ, ನೀರು ವಾಪಸ್ ಇಳಿಯದ ಹಾಗೆ ತಡೆಯೋ ವಾಲ್) ಹತ್ರ ಹತ್ರ ಬಂದಾಗ್ಲೂ ಪಂಪು ಗಾಳಿ ಎಳೀತದೆ. ಕಟ್ಟೆ ಮೇಲೆ ಕೂರ್ಸಿದ ಪಂಪು ಏಳೆಂಟು ಮೀಟರಿಗಿಂತ ಕೆಳಗಿನ ನೀರನ್ನ ಎಳೆಯೋದೇ ಕಷ್ಟ. ಒಮ್ಮೆ ಬಾವಿಗೆ ಇಣುಕಿ ನೋಡಿ, ಆಮೇಲೆ ಬೋಲ್ಟು ಬಿಚ್ಚಿ.

ಪ್ರಶ್ನೆ: ನಮ್ದು ಸಣ್ಣ ಹೋಮ್‌ಸ್ಟೇ, ನಾಲ್ಕು ರೂಮು, 50 ಲೀಟರಿನ ಪ್ರೆಶರ್ ಟ್ಯಾಂಕ್. ಷವರ್ ಜೋರು ಸಾಲ್ದು ಅಂತ ಗೆಸ್ಟ್‌ಗಳು ಹೇಳ್ತಾರೆ ಅಂತ ಟ್ಯಾಂಕಿಗೆ 35 ಗಾಳಿ ಹಾಕ್ಸಿದೆ. ಈಗ ಸ್ನಾನ ಮಾಡ್ತಾ ಇರುವಾಗ ಮಧ್ಯ ಮಧ್ಯ ನೀರು ಒಂದು ಕ್ಷಣ ನಿಂತೇ ಹೋಗಿ ಮತ್ತೆ ಧಡ್ ಅಂತ ಬರ್ತದೆ.
(ಓದುಗರು, ಗೋಕರ್ಣ)

ಗಾಳಿ ಜಾಸ್ತಿ ಹಾಕಿದ್ರೆ ನೀರಿನ ಜೋರು ಜಾಸ್ತಿ ಆಗ್ತದೆ ಅನ್ನೋದು ಬಹಳ ಜನರ ನಂಬಿಕೆ, ಅದು ಸರಿ ಅಲ್ಲ. ಜೋರು ಎಷ್ಟಿರ್ಬೇಕು ಅಂತ ನಿಕ್ಕಿ ಮಾಡೋದು ಪಂಪು ಮತ್ತೆ ಸ್ವಿಚ್ಚು. ಗಾಳಿ ಬರೀ ಆ ಜೋರನ್ನ ಹಿಡಿದಿಡ್ತದೆ.

ನಿಮ್ಮ ಸ್ವಿಚ್ಚು 20-40 ಅಂತ ಇಟ್ಕೊಳ್ಳಿ. ಗಾಳಿ 35 ಇದ್ರೆ ನೀರಿನ ಪ್ರೆಶರ್ 35 ದಾಟಿದ ಮೇಲೇ ಟ್ಯಾಂಕಿನೊಳಗೆ ನೀರು ಹೋಗೋದು, 40ಕ್ಕೆ ಪಂಪು ನಿಂತೇ ಬಿಡ್ತದೆ. ಹಾಗಾಗಿ 50 ಲೀಟರಿನ ಟ್ಯಾಂಕಿನಲ್ಲಿ ಸೇರೋದು ನಾಲ್ಕೂವರೆ ಲೀಟರ್ ಅಷ್ಟೇ. ಷವರ್ ಬಿಟ್ಟಾಗ ಆ ನಾಲ್ಕೂವರೆ ಲೀಟರ್ 35ರ ಹೊತ್ತಿಗೇ ಮುಗೀತದೆ, ಟ್ಯಾಂಕಿನಲ್ಲಿ ನೀರಿಲ್ಲ, ಪಂಪು ಹತ್ತೋದು 20ಕ್ಕೆ. ಆ ನಡುವಿನ ಕ್ಷಣವೇ ನಿಮ್ಮ ಗೆಸ್ಟ್ ತಲೆಗೆ ಸೋಪು ಹಚ್ಕೊಂಡು ನಿಲ್ಲೋ ಕ್ಷಣ. ಅದೇ ಟ್ಯಾಂಕಿಗೆ 18 ಗಾಳಿ ಇದ್ರೆ 17 ಲೀಟರ್ ಸಿಗ್ತದೆ, ಪಂಪು ಹತ್ತಿದ್ದೂ ಗೊತ್ತಾಗೋದಿಲ್ಲ. ಇವತ್ತೇ ಖಾಲಿ ಮಾಡಿ 18ಕ್ಕೆ ಇಳ್ಸಿ.

ಜೋರು ಬೇಕೇ ಬೇಕು ಅಂದ್ರೆ ಸ್ವಿಚ್ಚನ್ನ 30-50ಕ್ಕೆ ಏರ್ಸ್ಬೇಕು, ಆಗ ಗಾಳೀನೂ 28ಕ್ಕೆ ಏರ್ಸ್ಬೇಕು, ಒಂದು ಮಾಡಿ ಒಂದು ಬಿಟ್ರೆ ಆಗೋದಿಲ್ಲ. ಅದಕ್ಕಿಂತ ಮೊದ್ಲು ಪಂಪಿಗೆ ಅಷ್ಟು ತಾಕತ್ತಿದ್ಯಾ ಅಂತ ಅದ್ರ ಪ್ಲೇಟಿನಲ್ಲಿ ಹೆಡ್ ಎಷ್ಟು ಮೀಟರ್ ಅಂತ ನೋಡಿ. 50 ಪಾಯಿಂಟ್ ಅಂದ್ರೆ 35 ಮೀಟರ್ ಎತ್ತರಕ್ಕೆ ನೀರು ಏರ್ಸಿದ ಹಾಗೆ, ಅದ್ರ ಮೇಲೆ ಬಾವಿಯ ಆಳ ಬೇರೆ. ತಾಕತ್ತಿಲ್ಲದ ಪಂಪು 50 ಮುಟ್ಟೋದೇ ಇಲ್ಲ, ನಿಲ್ಲದೇ ಓಡ್ತಾನೇ ಇರ್ತದೆ.

ಇನ್ನೊಂದು ಮಾತು ನಿಮ್ಗೆ ಹೇಳ್ಲೇಬೇಕು. ನಾಲ್ಕು ರೂಮಿಗೆ 50 ಲೀಟರ್ ಸಣ್ಣದಾಯ್ತು. ಪಂಪು ಒಮ್ಮೆ ಹತ್ತಿದ್ರೆ ಕಮ್ಮಿ ಅಂದ್ರೂ ಒಂದು ನಿಮಿಷ ಓಡೋ ಹಾಗಿರ್ಬೇಕು. ನಿಮ್ಮ ಪಂಪು ನಿಮಿಷಕ್ಕೆ 30 ಲೀಟರ್ ಕೊಡೋದಾದ್ರೆ ಟ್ಯಾಂಕಿನಲ್ಲಿ 30 ಲೀಟರ್ ಸೇರೋ ಜಾಗ ಬೇಕು, ಅದಕ್ಕೆ 100 ಲೀಟರಿನ ಟ್ಯಾಂಕ್ ಬೇಕಾಗ್ತದೆ, ಸೇರೋದು ಮೂರನೇ ಒಂದು ಪಾಲು ಅಂತ ಲೆಕ್ಕ ಇಟ್ಕೊಳ್ಳಿ. ಇರೋದ್ರ ಪಕ್ಕ ಇನ್ನೊಂದು 50 ಲೀಟರಿನದ್ದು ಸೇರ್ಸಿದ್ರೂ ಆಗ್ತದೆ, ಎರಡರಲ್ಲೂ ಗಾಳಿ ಒಂದೇ ಸಮ ಇರ್ಲಿ.

ಪ್ರಶ್ನೆ: ನಮ್ಮನೆಗೆ ಗುಡ್ಡದ ಅಬ್ಬಿ ನೀರು, ಪೈಪಲ್ಲಿ ಬರ್ತದೆ, ಪಂಪಿಲ್ಲ. ಪೇಟೆಯಲ್ಲಿ ಎಲ್ರೂ ಪ್ರೆಶರ್ ಟ್ಯಾಂಕ್ ಹಾಕ್ತಾರೆ ಅಂತ ಮಗ ನಾವೂ ಹಾಕೋಣ ಅಂತಾನೆ. ಬೇಕಾ?
(ಓದುಗರು, ಶಿರಸಿ)

ಅಬ್ಬಿ ನೀರು ಇರೋವ್ರ ಪುಣ್ಯ ಅದು, ಕರೆಂಟ್ ಹೋದ್ರೂ ನೀರು ನಿಲ್ಲೋದಿಲ್ಲ. ಹತ್ತು ಮೀಟರ್ ಇಳಿತಕ್ಕೆ ಸುಮಾರು 1 ಬಾರ್ ಪ್ರೆಶರ್ ಸಿಗ್ತದೆ. ನೀರು ಹಿಡಿದ ಜಾಗ ಮನೆಗಿಂತ 25 ಮೀಟರ್ ಮೇಲಿದ್ರೆ ಎರಡೂವರೆ ಬಾರ್, ಪಂಪು ಹಾಕಿದ ಮನೆಯಷ್ಟೇ ಜೋರು. ಅಡಿಕೆ ದಬ್ಬೆಯಲ್ಲಿ ನೀರು ತರ್ತಿದ್ದ ಕಾಲದಲ್ಲಿ ಇಷ್ಟೇ ಎತ್ತರದಿಂದ ಬಂದ್ರೂ ಈ ಜೋರು ಇರ್ಲಿಲ್ಲ, ದಬ್ಬೆ ತೆರೆದಿರ್ತದಲ್ಲ, ಮುಚ್ಚಿದ ಪೈಪಲ್ಲಿ ಮಾತ್ರ ಮೇಲಿನ ನೀರಿನ ಭಾರ ಕೆಳಗಿನ ನೀರಿನ ಮೇಲೆ ಕೂರ್ತದೆ.

ಹಾಗಾಗಿ ಟ್ಯಾಂಕ್ ಬೇಡ. ಒಂದೇ ಒಂದು ಸಂದರ್ಭದಲ್ಲಿ ಉಪಯೋಗ ಆದೀತು, ನಲ್ಲಿ ಫಕ್ಕನೆ ಮುಚ್ಚಿದಾಗ ಪೈಪು ಢಂ ಅಂತ ಬಡಿಯೋದಿದ್ರೆ. ಓಡ್ತಾ ಇದ್ದ ಉದ್ದದ ನೀರು ಒಮ್ಮೆಲೇ ನಿಂತು ಹೊಡೆಯೋ ಪೆಟ್ಟು ಅದು. ಕಾಲು ಸುತ್ತಿಗೆ ಮುಚ್ಚೋ ನಲ್ಲಿ ಬದ್ಲು ನಿಧಾನ ತಿರುಗ್ಸೋ ನಲ್ಲಿ ಹಾಕಿದ್ರೇ ಹೆಚ್ಚಾಗಿ ನಿಂತು ಹೋಗ್ತದೆ, ನಿಲ್ಲದಿದ್ರೆ ಸಣ್ಣ ಟ್ಯಾಂಕ್ ಒಂದನ್ನ ಲೈನಿನ ಪ್ರೆಶರಿಗಿಂತ ಸ್ವಲ್ಪ ಕಮ್ಮಿ ಗಾಳಿ ಹಾಕಿ ಕೂರ್ಸಿ. ಗೀಸರ್ ಇದ್ರೆ ಅದ್ರ ಮೇಲೆ ಎಷ್ಟು ಬಾರ್ ತಡೀತದೆ ಅಂತ ಬರೆದಿದ್ದನ್ನ ನೋಡಿ. ಪೈಪ್ ನಡುವೆ ದಿಬ್ಬ ಏರಿ ಇಳಿಯೋದಿದ್ರೆ ದಿಬ್ಬದ ನೆತ್ತೀಲಿ ಗಾಳಿ ಸೇರಿ ನೀರು ಕಟ್ತದೆ, ಅಲ್ಲೊಂದು ಟೀ ಜಾಯಿಂಟ್ ಹಾಕಿ ಸಣ್ಣ ನಲ್ಲಿ ಇಟ್ಟು ಆಗಾಗ ಗಾಳಿ ಬಿಡಿ.

ಪ್ರಶ್ನೆ: ಅಪ್ಪನ ಕಾಲದ ದೊಡ್ಡ ಜಿಐ (ಸತು ಲೇಪದ ಕಬ್ಬಿಣ) ಟ್ಯಾಂಕ್, ನಿಲ್ಸಿದ್ದು, ಒಳಗೆ ಬಲೂನು ಗಿಲೂನು ಇಲ್ಲ. ಒಂದು, ಅದ್ರಲ್ಲಿ ಗಾಳಿ ಉಳಿಯೋದೇ ಇಲ್ಲ. ಎರಡು, ರಾತ್ರಿ ಎಲ್ಲಾ ನಲ್ಲಿ ಮುಚ್ಚಿದ್ರೂ ಅರ್ಧ ಗಂಟೆಗೊಮ್ಮೆ ಪಂಪು ತಾನಾಗೇ ಹತ್ತುತ್ತದೆ.
(ಓದುಗರು, ಸದಾಶಿವಗಡ, ಕಾರವಾರ)

ನಿಮ್ಮ ಎರಡು ತೊಂದ್ರೆಗೂ ಕಾರಣ ಬೇರೆ ಬೇರೆ.

ಬಲೂನಿಲ್ಲದ ಟ್ಯಾಂಕಿನಲ್ಲಿ ಗಾಳಿ ನೀರಿನ ಮೇಲೇ ನೇರವಾಗಿ ಕೂತಿರ್ತದೆ. ಪ್ರೆಶರಿನಲ್ಲಿ ನೀರು ಗಾಳೀನ ಕರಗ್ಸಿಕೊಳ್ತದೆ, ಸೋಡಾ ಬಾಟ್ಲಿಯೊಳಗೆ ಗ್ಯಾಸ್ ಕರಗಿ ಇರ್ತದಲ್ಲ ಹಾಗೆ, ದಿನಾ ಸ್ವಲ್ಪ ಸ್ವಲ್ಪ ಗಾಳಿ ನಲ್ಲಿ ಮೂಲಕ ಹೋಗಿ ಕೊನೆಗೆ ಟ್ಯಾಂಕ್ ತುಂಬ ನೀರೇ. ಇದು ರಿಪೇರಿ ಮಾಡೋ ದೋಷ ಅಲ್ಲ, ಆ ಟ್ಯಾಂಕಿನ ಗುಣವೇ ಹಾಗೆ. ಎಂಸಿಬಿ ಕೆಳಗೆ ಮಾಡಿ, ಅಡಿಯ ನಲ್ಲಿ ಬಿಟ್ಟು, ನೆತ್ತಿಯ ಪ್ಲಗ್ ತೆಗೆದು ಗಾಳಿ ಒಳಗೆ ಬರೋಕೆ ಬಿಡಿ, ಪೂರ್ತಿ ಖಾಲಿ ಆದ ಮೇಲೆ ಎರಡೂ ಮುಚ್ಚಿ ಪಂಪು ಹಾಕಿ. ಎರಡು ಮೂರು ತಿಂಗ್ಳಿಗೊಮ್ಮೆ ಇದನ್ನ ಮಾಡ್ತಾನೇ ಇರ್ಬೇಕು. ಟ್ಯಾಂಕಿನ ಅಡಿ ಒಮ್ಮೆ ಸ್ಕ್ರೂಡ್ರೈವರಲ್ಲಿ ಕೆರೆದು ನೋಡಿ, ಕಡಲ ಗಾಳಿಗೆ ನಿಮ್ಮಲ್ಲಿ ಜಿಐ ಹೊರಗಿಂದ್ಲೇ ತಿಂದು ಹೋಗ್ತದೆ, ತಗಡು ತೆಳ್ಳಗಾಗಿದ್ರೆ ಪ್ರೆಶರ್ ಇರೋ ಟ್ಯಾಂಕ್ ಮನೆ ಪಕ್ಕ ಇಟ್ಕೊಳ್ಳೋದು ಬೇಡ.

ಇನ್ನು ರಾತ್ರಿ ಹತ್ತೋದು. ನಲ್ಲಿ ಬಿಟ್ಟಾಗ ಟಕ್ ಟಕ್ ಅಂದ್ರೆ ಗಾಳಿ, ನಲ್ಲಿ ಮುಚ್ಚಿದ್ದಾಗ್ಲೂ ಪಂಪು ಹತ್ತಿದ್ರೆ ಸೋರಿಕೆ. ಎಲ್ಲಿ ಅಂತ ಹೀಗೆ ಹುಡುಕಿ: ಪಂಪು ತುಂಬಿ ನಿಂತ ಮೇಲೆ ಟ್ಯಾಂಕಿಂದ ಮನೆಗೆ ಹೋಗೋ ವಾಲ್ ಮುಚ್ಚಿ, ಎಂಸಿಬಿ ಕೆಳಗೆ ಮಾಡಿ, ಗೇಜಿನ ಮುಳ್ಳು ಎಲ್ಲಿದೆ ನೋಡ್ಕೊಳ್ಳಿ. ಅರ್ಧ ಗಂಟೆ ಬಿಟ್ಟು ಮುಳ್ಳು ಇಳಿದಿದ್ರೆ ನೀರು ವಾಪಸ್ ಬಾವಿಗೆ ಇಳೀತಾ ಇದೆ, ಫುಟ್‌ವಾಲಿನಲ್ಲಿ ಕಸ ಸಿಕ್ಕಿರ್ಬೇಕು ಇಲ್ಲಾ ವಾಶರ್ ಹೋಗಿರ್ಬೇಕು. ಮುಳ್ಳು ಅಲ್ಲೇ ಇದ್ರೆ ಸೋರೋದು ಮನೆಯೊಳಗೆ. ಹೆಚ್ಚಾಗಿ ಟಾಯ್ಲೆಟ್ಟಿನ ಫ್ಲಶ್. ಅದ್ರ ಟ್ಯಾಂಕಿಗೆ ಒಂದು ಲೋಟ ಮುರುಗಲ ಹಣ್ಣಿನ ಕೆಂಪು ನೀರು ಹಾಕಿ ಅರ್ಧ ಗಂಟೆ ಫ್ಲಶ್ ಮಾಡದೇ ಬಿಡಿ, ಕಮೋಡಿನ ಬಿಳೀ ಮೇಲೆ ಕೆಂಪು ಎಳೆ ಇಳಿದಿದ್ರೆ ಸಿಕ್ಕಿತು.

ಬೇಸಿಗೇಲಿ ನಿಮ್ಮ ಬಾವಿ ನೀರು ಉಪ್ಪಾಗ್ತದೆ ಅಂತಲೂ ಬರೆದಿದ್ದೀರಿ. ರಾತ್ರಿಯಿಡೀ ಹೀಗೆ ಸೋರಿ ಸೋರಿ ಪಂಪು ಎಳೀತಾ ಇದ್ರೆ ಬಾವಿಯ ಸಿಹಿನೀರು ಅಷ್ಟು ಬೇಗ ಇಳೀತದೆ, ಉಪ್ಪು ಅಷ್ಟು ಬೇಗ ಒಳಗೆ ಬರ್ತದೆ. ಸಮುದ್ರದ ಹತ್ರ, ಕಾಳಿ ನದಿಯ ಅಳಿವೆ ಹತ್ರ, ಗಜನಿ (ಉಪ್ಪುನೀರು ಬರೋ ತಗ್ಗು ಗದ್ದೆ) ಹತ್ರ ಬಾವಿ ಇರೋವ್ರು ಈ ಸೋರಿಕೇನ ಕರೆಂಟ್ ಬಿಲ್ಲಿಗೋಸ್ಕರ ಅಲ್ಲದಿದ್ರೂ ಬಾವಿಗೋಸ್ಕರ ನಿಲ್ಸ್ಬೇಕು.

ಪ್ರಶ್ನೆ: ಮಳೆಗಾಲದಲ್ಲಿ ಎರಡು ತಿಂಗ್ಳು ಮಗಳ ಮನೆಗೆ ಮುಂಬೈಗೆ ಹೋಗ್ತೇವೆ. ಟ್ಯಾಂಕ್ ಹಾಗೇ ಬಿಟ್ಟು ಹೋಗ್ಬಹುದಾ?
(ಓದುಗರು, ಭಟ್ಕಳ)

ಹಾಗೇ ಬಿಡ್ಬೇಡಿ. ಎಂಸಿಬಿ ಕೆಳಗೆ ಮಾಡಿ, ಪಂಪಿನ ಪ್ಲಗ್ ಇದ್ರೆ ಎಳೆದೇ ಇಡಿ, ಸಿಡಿಲಿಗೆ ಎಂಸಿಬಿ ಒಂದೇ ಸಾಲೋದಿಲ್ಲ. ನಲ್ಲಿ ಬಿಟ್ಟು ಟ್ಯಾಂಕಿನ ನೀರು ಪೂರ್ತಿ ಖಾಲಿ ಮಾಡಿ, ಗಾಳಿ ಮಾತ್ರ ಹಾಗೇ ಇರ್ಲಿ. ಎರಡು ತಿಂಗ್ಳು ನಿಂತ ನೀರು ರಬ್ಬರಿನ ವಾಸ್ನೆ ಹಿಡೀತದೆ, ಖಾಲಿ ಇದ್ರೆ ಆ ಕಷ್ಟ ಇಲ್ಲ.

ವಾಪಸ್ ಬಂದ ದಿನ ಪಂಪು ಹಾಕೋ ಮೊದ್ಲೇ ಗೇಜ್ ಇಟ್ಟು ಗಾಳಿ ನೋಡಿ, ಟ್ಯಾಂಕ್ ಖಾಲಿ ಇರೋದ್ರಿಂದ ಅದಕ್ಕಿಂತ ಒಳ್ಳೇ ಹೊತ್ತು ಸಿಗೋದಿಲ್ಲ. ಪಂಪಿನೊಳಗೆ ನೀರು ಇಳಿದು ಹೋಗಿದ್ರೆ ಮೇಲಿನ ಪ್ಲಗ್ ತೆಗೆದು ಒಂದು ಚೊಂಬು ನೀರು ಹಾಕಿ ತುಂಬ್ಸಿ, ಆಮೇಲೆ ಶುರು ಮಾಡಿ. ಮೊದಲ ಎರಡು ಬಕೆಟ್ ನೀರು ತೆಂಗಿನ ಬುಡಕ್ಕೆ ಹಾಕ್ಬಿಡಿ.